ಊಟದ ಅಳತೆ: ಮಿತಾಹಾರ ವಿಚಾರದ ಚಾರಿತ್ರಿಕ ಪರಿಶೀಲನೆ

೧

ಊಟವನ್ನು ಕುರಿತು ಕನ್ನಡ ನಾಡಿನಲ್ಲಿ ಬಳಕೆಯಲ್ಲಿರುವ ಗಾದೆಗಳು ಹಲವು. ಅವುಗಳಲ್ಲಿ ಎರಡನ್ನು ಒಟ್ಟಿಗೆ ಇಟ್ಟು ನೋಡಿದರೆ ಪ್ರಕೃತ ಲೇಖನದ ವಿಷಯ ಸ್ಪಷ್ಟವಾಗುತ್ತದೆ. “ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬುದು ಮೊದಲನೆಯದು. ಬಡಿಸುವವನು ನಮ್ಮವನಾದರೆ ಪಂಕ್ತಿಯ ಕೊನೆಯಲ್ಲಿ ಕುಳಿತರೂ ಚಿಂತೆಯಿಲ್ಲವೆಂಬುದು ಎರಡನೆಯದು. ಮೊದಲನೆಯ ಗಾದೆಯು ಊಟದ ಅಳತೆಯನ್ನು ಉಣ್ಣುವವನ ತಿಳಿವಳಿಕೆಗೆ ಬಿಡುತ್ತದೆ. ಎರಡನೆಯದು ಆ ಅಳತೆ ಎಷ್ಟೋ ಸಲ ಬಡಿಸುವವನ ಕೈಯಲ್ಲಿರುತ್ತದೆಂಬುದನ್ನು ನೆನಪಿಗೆ ತರುತ್ತದೆ.

ಮಿತಾಹಾರವನ್ನು ಕುರಿತ ಬರಹಗಳಲ್ಲಿ ಸಾಮಾನ್ಯವಾಗಿ ಮೊದಲನೆಯ ಪಕ್ಷ ಮಾತ್ರ ನಿರೂಪಿತವಾಗಿರುತ್ತದೆ. ಎಷ್ಟು ಉಣ್ಣಬೇಕು, ಯಾವುದನ್ನು ಉಣ್ಣಬೇಕು ಎಂಬ ಪ್ರಶ್ನೆಗಳಿಗೆ ಬೇರೆ ಬೇರೆ ಕಾಲಗಳಲ್ಲಿ ವೈದ್ಯರೂ ವ್ರತಿಗಳೂ ರಾಜ್ಯಾಧಿಕಾರಿಗಳೂ ವಿಜ್ಞಾನಿಗಳೂ ಉತ್ತರ ಹೇಳಿದ್ದಾರೆ. ಆ ಉತ್ತರಗಳನ್ನು ಚರಿತ್ರಕಾರನು ತೂಗಿ ನೋಡುವಾಗ, ಅಳತೆ ಎಷ್ಟೆಂಬುದರ ಜೊತೆಗೆ ಅಳೆದ ಕೈ ಯಾರದೆಂಬುದನ್ನೂ ವಿಚಾರಿಸುವುದು ಅವಶ್ಯಕ. ಮಿತವೂ ಕೊರತೆಯೂ ತಟ್ಟೆಯಲ್ಲಿ ಒಂದೇ ಬಗೆಯಾಗಿ ಕಾಣಬಹುದು. ಆದರೆ ಅವು ಒಂದೇ ಅಲ್ಲ. ಈ ಭೇದವನ್ನು ನಾಲ್ಕು ನಿದರ್ಶನಗಳ ಮೂಲಕ ತೋರಿಸುವುದು ಇಲ್ಲಿಯ ಉದ್ದೇಶ.

೨

ನಮ್ಮ ವೈದ್ಯಶಾಸ್ತ್ರದಲ್ಲಿ ಆಹಾರದ ಪ್ರಮಾಣಕ್ಕೆ ‘ಮಾತ್ರೆ’ ಎಂಬ ಹೆಸರುಂಟು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯಕ್ಕೂ ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದ ಎಂಟನೆಯ ಅಧ್ಯಾಯಕ್ಕೂ ‘ಮಾತ್ರಾಶಿತೀಯ’ ಎಂದೇ ಹೆಸರು. ಆದರೆ ಈ ಮಾತ್ರೆಯನ್ನು ಎಲ್ಲರಿಗೂ ಸಲ್ಲುವ ಒಂದು ತೂಕವಾಗಿ ಚರಕನು ಎಲ್ಲಿಯೂ ಹೇಳಲಿಲ್ಲ. ಅದು ಉಣ್ಣುವವನ ಜಠರಾಗ್ನಿಯ ಬಲವನ್ನು ಅವಲಂಬಿಸಿದ್ದೆಂದೇ ಆತನ ಅಭಿಪ್ರಾಯ. ಗುರುವಾದ, ಎಂದರೆ ಜೀರ್ಣಕ್ಕೆ ಭಾರವಾದ ಪದಾರ್ಥಗಳನ್ನು ತೃಪ್ತಿಯ ಮೂರನೆಯ ಒಂದು ಭಾಗಕ್ಕೋ ಅರ್ಧಕ್ಕೋ ನಿಲ್ಲಿಸಬೇಕು. ಲಘುವಾದುವನ್ನೂ ಅತಿಯಾಗಿ ಉಣ್ಣಲಾಗದು. ಹೀಗೆ ಪ್ರಮಾಣವೂ ಪದಾರ್ಥದ ಆಯ್ಕೆಯೂ ಒಂದನ್ನೊಂದು ಬಿಟ್ಟಿರುವುದಿಲ್ಲ.

ವಿಮಾನಸ್ಥಾನದಲ್ಲಿ ಈ ವಿಚಾರ ಇನ್ನೂ ಸೂಕ್ಷ್ಮವಾಗುತ್ತದೆ. ಅಲ್ಲಿ ಆಹಾರವಿಧಿಗೆ ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ, ಉಪಯೋಗಸಂಸ್ಥೆ, ಉಪಯೋಕ್ತೃ ಎಂಬ ಎಂಟು ಅಂಶಗಳನ್ನು ಹೇಳಿದೆ. ‘ರಾಶಿ’ ಎಂದರೆ ಪ್ರಮಾಣ. ಅದು ಎರಡು ವಿಧ: ಊಟವೆಲ್ಲವನ್ನೂ ಸೇರಿಸಿ ಅಳೆಯುವುದು ‘ಸರ್ವಗ್ರಹ’, ಅನ್ನವೆಷ್ಟು, ಬೇಳೆಯೆಷ್ಟು ಎಂದು ಒಂದೊಂದನ್ನೂ ಬೇರೆಯಾಗಿ ಅಳೆಯುವುದು ‘ಪರಿಗ್ರಹ’. ಹೊಟ್ಟೆ ತುಂಬಿದ ಮಾತ್ರದಿಂದ ಊಟ ಸರಿಯಾಯಿತೆನ್ನಲಾಗದು, ಅದರೊಳಗಣ ಪಾಲುಗಳೂ ಸರಿಯಾಗಿರಬೇಕು ಎಂಬ ಅರಿವು ಈ ಎರಡು ಪದಗಳಲ್ಲಿ ಅಡಗಿದೆ. ಮುಂದೆ ಕ್ಷಾಮದ ಪ್ರಸಂಗದಲ್ಲಿ ಈ ವಿಭಾಗ ನಮಗೆ ಮತ್ತೆ ಉಪಯೋಗಕ್ಕೆ ಬರುವುದು. ಜಠರದ ಎರಡು ಭಾಗ ಅನ್ನಕ್ಕೆ, ಒಂದು ಭಾಗ ಪಾನಕ್ಕೆ, ಉಳಿದೊಂದು ಭಾಗ ವಾಯುವಿನ ಸಂಚಾರಕ್ಕೆ ಎಂಬ ವಾಗ್ಭಟನ ನಿಯಮವಂತೂ ಇಂದಿಗೂ ಹಿರಿಯರ ಬಾಯಲ್ಲಿ ಕೇಳಿಬರುತ್ತದೆ. ಈ ನಿಯಮದಲ್ಲಿಯೂ ಅಳತೆಗೋಲು ಉಣ್ಣುವವನ ದೇಹವೇ ಆಗಿದೆ. ಹೊರಗಿನ ಸೇರು ಪಾವುಗಳಲ್ಲ.

ಕರ್ಣಾಟಕದ ಆಸ್ಥಾನಗಳಲ್ಲಿ ಆಹಾರದ ಆಯ್ಕೆ ಶಾಸ್ತ್ರಚರ್ಚೆಯ ವಿಷಯವಾಗಿದ್ದಿತು. ರಾಷ್ಟ್ರಕೂಟ ನೃಪತುಂಗನ ಕಾಲದವನಾದ ಉಗ್ರಾದಿತ್ಯನು ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿ, ಅದರ ಹಿತಾಹಿತ ಪ್ರಕರಣದಲ್ಲಿ ಮಾಂಸಾಹಾರವನ್ನು ಖಂಡಿಸಿದ್ದಾನೆ. ಹನ್ನೊಂದನೆಯ ಶತಮಾನದ ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ ಪಾಕವಿಧಾನಕ್ಕೆ ಬೇರೆಯೇ ಒಂದು ಭಾಗವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದ ಅನ್ನಭೋಗವೆಂಬ ಪ್ರಕರಣದಲ್ಲಿ ರಾಜನ ಭೋಜನವನ್ನು ವಿಸ್ತಾರವಾಗಿ ವರ್ಣಿಸುತ್ತ, ಆಯಾ ಋತುವಿಗೆ ತಕ್ಕ ರಸಗಳನ್ನೂ ಸೂಚಿಸುತ್ತಾನೆ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಕನ್ನಡ ಷಟ್ಪದಿಯಲ್ಲಿ ಬರೆದನು. ಈ ಪಾಕಗ್ರಂಥಗಳು ಮುಖ್ಯವಾಗಿ ಸಮೃದ್ಧಿಯ ಗ್ರಂಥಗಳು. ಯಾವುದನ್ನು ಹೇಗೆ ಬೇಯಿಸಬೇಕೆಂಬುದೇ ಅವುಗಳ ಪ್ರಧಾನ ವಿಷಯ; ಎಷ್ಟಕ್ಕೆ ನಿಲ್ಲಿಸಬೇಕೆಂಬುದನ್ನು ಅರಿಯಲು ವೈದ್ಯರ ಕಡೆಗೂ ವ್ರತಿಗಳ ಕಡೆಗೂ ತಿರುಗಬೇಕು.

೩

ಜೈನಧರ್ಮದಲ್ಲಿ ಬಾಹ್ಯತಪಸ್ಸುಗಳು ಆರು. ತತ್ತ್ವಾರ್ಥಸೂತ್ರದ ಕ್ರಮದಲ್ಲಿ ಅವುಗಳ ಪೈಕಿ ಮೊದಲಿನ ನಾಲ್ಕೂ ಆಹಾರಕ್ಕೆ ಸಂಬಂಧಪಟ್ಟುವು: ಉಪವಾಸವಿರುವುದು ಅನಶನ, ಹಸಿವಿಗಿಂತ ಕಡಮೆ ಉಣ್ಣುವುದು ಅವಮೌದರ್ಯ, ಭಿಕ್ಷೆಗೆ ಹೊರಡುವ ಮುನ್ನವೇ ಮಿತಿಯನ್ನು ಸಂಕಲ್ಪಿಸುವುದು ವೃತ್ತಿಪರಿಸಂಖ್ಯಾನ, ತುಪ್ಪ ಹಾಲು ಮೊದಲಾದ ರುಚಿಪದಾರ್ಥಗಳನ್ನು ಬಿಡುವುದು ರಸಪರಿತ್ಯಾಗ. ಪೂರ್ಣವಾಗಿ ಊಟವನ್ನು ಬಿಡುವುದು ಬೇರೆ, ಉಣ್ಣುತ್ತಲೇ ಕಡಮೆ ಮಾಡುವುದು ಬೇರೆ, ಕೆಲವನ್ನು ಮಾತ್ರ ಆಯ್ದು ಬಿಡುವುದು ಬೇರೆ ಎಂಬ ಈ ವಿಂಗಡಣೆಯ ಸೂಕ್ಷ್ಮತೆ ಗಮನಾರ್ಹವಾದುದು.

ಅವಮೌದರ್ಯವನ್ನು ವಿವರಿಸುವಾಗ ಭಗವತೀ ಆರಾಧನೆಯೆಂಬ ಪ್ರಾಕೃತ ಗ್ರಂಥವು ಗಂಡಸಿನ ಪೂರ್ಣಾಹಾರಕ್ಕೆ ೩೨ ತುತ್ತುಗಳನ್ನೂ ಹೆಂಗಸಿನದಕ್ಕೆ ೨೮ ತುತ್ತುಗಳನ್ನೂ ಹೇಳುತ್ತದೆ. ಅಲ್ಲಿಂದ ಒಂದೊಂದೇ ತುತ್ತನ್ನು ಕಡಮೆ ಮಾಡುತ್ತ ಬರುವುದೇ ಆ ತಪಸ್ಸಿನ ಕ್ರಮ. ಕನ್ನಡದ ವಡ್ಡಾರಾಧನೆಯ ಕಥೆಗಳು ಇದೇ ಆರಾಧನಾ ಪರಂಪರೆಗೆ ಸೇರಿದುವಾದ್ದರಿಂದ ಈ ವಿಚಾರ ನಮ್ಮ ನಾಡಿಗೆ ಹೊರಗಿನದೆನ್ನುವಂತಿಲ್ಲ. ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ, ವ್ರತದಿಂದ ಆಹಾರವನ್ನು ತೊರೆದು ಮುಡಿಪಿದವರ ಹೆಸರುಗಳು ಏಳನೆಯ ಶತಮಾನದಿಂದೀಚೆಗೆ ಕೆತ್ತಲ್ಪಟ್ಟಿವೆ.

ತುತ್ತು ಎಂಬ ಮಾನವನ್ನು ಕುರಿತು ಒಂದು ಮಾತು. ನಮ್ಮ ಶಾಸನಗಳಲ್ಲಿ ಖಂಡುಗ, ಕೊಳಗ, ಬಳ್ಳ, ಮಾನ, ಸೊಲ್ಲಗೆ ಮೊದಲಾದ ಮಾನಗಳು ಕಾಣಬರುತ್ತವೆ. ಊರಿಂದೂರಿಗೆ ಅವುಗಳ ಗಾತ್ರ ಬೇರೆಯಾಗಿದ್ದರೂ, ಅವೆಲ್ಲ ದಾನಕ್ಕೂ ತೆರಿಗೆಗೂ ವ್ಯಾಪಾರಕ್ಕೂ ಆದ ಮಾನಗಳು. ಕೊಡುವವನಿಗೂ ಕೊಳ್ಳುವವನಿಗೂ ನಡುವೆ ನಿಲ್ಲುವಂಥವು. ತುತ್ತಾದರೋ ಉಣ್ಣುವವನ ಕೈಯಲ್ಲಿಯೇ ಹುಟ್ಟುವ ಮಾನ. ಅದನ್ನು ಎಣಿಸುವವನೂ ನಿಲ್ಲಿಸುವವನೂ ಆತನೇ. ವ್ರತಿಯ ಅಲ್ಪಾಹಾರವನ್ನು ಹಸಿವೆಯೆನ್ನದೆ ತಪಸ್ಸೆಂದು ಕರೆಯಲು ಇದೇ ಕಾರಣ: ಮುಂದಿನ ತುತ್ತು ಆತನಿಗೆ ದೊರೆಯುವಂತಿದ್ದಿತು, ಆತನು ಬೇಡವೆಂದನು.

೪

ಮುಂದಿನ ತುತ್ತು ದೊರೆಯುವಂತಿಲ್ಲದ ಕಾಲವೊಂದು ೧೮೭೬ರಿಂದ ೧೮೭೮ರವರೆಗೆ ದಕ್ಷಿಣದಲ್ಲಿ ಒದಗಿತು. ಮೈಸೂರು ಸಂಸ್ಥಾನ, ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆ, ಮುಂಬಯಿ ಆಧಿಪತ್ಯದ ಕನ್ನಡ ಜಿಲ್ಲೆಗಳು ಇವೆಲ್ಲ ಆ ಕ್ಷಾಮಕ್ಕೆ ತುತ್ತಾದುವು. ೧೮೭೭ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್‌ನ ಸರ್ಕಾರವು ಸರ್ ರಿಚರ್ಡ್ ಟೆಂಪಲ್‌ನನ್ನು ಕ್ಷಾಮ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಕಳುಹಿಸಿತು. ೧೮೭೩-೭೪ರ ಬಂಗಾಳ-ಬಿಹಾರ ಕ್ಷಾಮದಲ್ಲಿ ಧಾರಾಳವಾಗಿ ವೆಚ್ಚ ಮಾಡಿದನೆಂಬ ನಿಂದೆಗೆ ಆತನು ಗುರಿಯಾಗಿದ್ದನು. ಈ ಸಲ ಮಿತವ್ಯಯವೇ ಆತನಿಗೆ ದೊರೆತ ಆದೇಶ. ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ವಯಸ್ಕ ಗಂಡಸಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಅದರ ಮೇಲೆ ಅರ್ಧ ಆಣೆ ಎಂದು ಆತನು ಕೂಲಿಯನ್ನು ಇಳಿಸಿ ಗೊತ್ತುಮಾಡಿದನು. ಒಂದು ಪೌಂಡೆಂದರೆ ಈಗಿನ ಲೆಕ್ಕದಲ್ಲಿ ೪೫೪ ಗ್ರಾಂ. ಎಂಬತ್ತು ತೊಲದ ಸೇರಿನಲ್ಲಿ ಅರ್ಧಕ್ಕೂ ಸ್ವಲ್ಪ ಕಡಮೆ.

ಈ ಅಳತೆಯನ್ನು ಎದುರಿಸಿದವನು ಸರ್ಕಾರದೊಳಗಿನ ಒಬ್ಬ ವೈದ್ಯನೇ. ಮದರಾಸಿನ ಆರೋಗ್ಯ ಕಮಿಷನರನಾಗಿದ್ದ ಡಾಕ್ಟರ್ ಡಬ್ಲ್ಯು. ಆರ್. ಕಾರ್ನಿಷ್, ೧೮೬೩ರಷ್ಟು ಹಿಂದೆಯೇ ಆ ಪ್ರಾಂತದ ಜನರ ಆಹಾರವನ್ನು ಕುರಿತು ವರದಿ ಬರೆದಿದ್ದವನು. ಒಂದು ಪೌಂಡು ಧಾನ್ಯವು ಸುಮ್ಮನೆ ಕುಳಿತವನ ಪ್ರಾಣವನ್ನು ಹಿಡಿದಿಡಲು ಸಾಕಾದೀತೇ ಹೊರತು, ಮಣ್ಣು ಹೊತ್ತು ಕಲ್ಲು ಒಡೆಯುವ ಮೈಗೆ ಸಾಲದು. ಬೇಳೆಯೂ ಕಾಯಿಪಲ್ಲೆಯೂ ಇಲ್ಲದ ಬರಿಯ ಧಾನ್ಯ ಮೈಯನ್ನು ಕಟ್ಟದು ಎಂಬುದು ಆತನ ವಾದದ ಸಾರ. ಚರಕನ ಪರಿಭಾಷೆಯಲ್ಲಿ ಹೇಳುವುದಾದರೆ, ಟೆಂಪಲ್‌ನ ಅಳತೆ ಸರ್ವಗ್ರಹದಲ್ಲಿಯೂ ಪರಿಗ್ರಹದಲ್ಲಿಯೂ ತಪ್ಪಿದ್ದಿತು. ಈಗಿನ ತಿಳಿವಳಿಕೆಯೂ ಕಾರ್ನಿಷನ ಪಕ್ಷವನ್ನೇ ಸಮರ್ಥಿಸುತ್ತದೆ. ಒಂದು ಪೌಂಡು ಧಾನ್ಯದಿಂದ ದೊರೆಯುವ ಶಕ್ತಿ ಸುಮಾರು ೧,೫೦೦ರಿಂದ ೧,೬೦೦ ಕಿಲೊಕ್ಯಾಲೊರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ೨೦೨೦ರ ಶಿಫಾರಸಿನಂತೆ, ಕಷ್ಟದ ದುಡಿಮೆ ಮಾಡುವ ೬೫ ಕಿಲೊಗ್ರಾಂ ತೂಕದ ಗಂಡಸಿಗೆ ದಿನಕ್ಕೆ ೩,೪೭೦ ಕಿಲೊಕ್ಯಾಲೊರಿ ಅವಶ್ಯ. ಅಂದಿನ ಕೂಲಿಗಾರನ ತೂಕ ಇದಕ್ಕಿಂತ ಎಷ್ಟು ಕಡಮೆಯಿದ್ದಿತೆಂದು ಭಾವಿಸಿದರೂ ಅಂತರ ತುಂಬುವುದಿಲ್ಲ.

ಕಾರ್ನಿಷನ ಪ್ರತಿಭಟನೆ ವ್ಯರ್ಥವಾಗಲಿಲ್ಲ. ೧೮೭೭ರ ಮೇ ತಿಂಗಳಲ್ಲಿ ಮದರಾಸು ಸರ್ಕಾರ ಆ ಕೂಲಿಯನ್ನು ಏರಿಸಿತು. ಆದರೆ ಅಷ್ಟರಲ್ಲಿ ತಿಂಗಳುಗಳು ಕಳೆದಿದ್ದುವು. ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೭೧ರ ಗಣತಿಯಲ್ಲಿ ೫೦,೫೫,೪೧೨, ೧೮೮೧ರಲ್ಲಿ ೪೧,೮೬,೧೮೮. ಮಳೆ ಬೆಳೆಗಳ ನಾಶ, ಧಾನ್ಯದ ಬೆಲೆ, ಪರಿಹಾರದಲ್ಲಿ ಆದ ವಿಳಂಬ, ರೋಗ ಇವೆಲ್ಲವೂ ಈ ನಷ್ಟಕ್ಕೆ ಕಾರಣವಾದ್ದರಿಂದ ಅದನ್ನು ಒಂದು ಪೌಂಡಿನ ತಲೆಗೇ ಕಟ್ಟುವುದು ನ್ಯಾಯವಲ್ಲ. ಆದರೂ ಒಂದು ಸಂಗತಿ ನಿರ್ವಿವಾದ. ಇಲ್ಲಿ ಊಟವನ್ನು ಅಳೆದವನಿಗೆ ಹಸಿವಿರಲಿಲ್ಲ. ಹಸಿದವನಿಗೆ ಅಳತೆಯಲ್ಲಿ ಮಾತಿರಲಿಲ್ಲ. ಮಿತವೆಂಬ ಗುಣವಾಚಕವು ಲೆಕ್ಕಪತ್ರದ ಮಿತವ್ಯಯದೊಡನೆ ಬೆರೆತಾಗ ಏನಾಗುವುದೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ನಮ್ಮ ಚರಿತ್ರೆಯಲ್ಲಿ ಬೇರೊಂದು ದೊರೆಯುವುದು ಕಷ್ಟ.

೫

ಇಪ್ಪತ್ತನೆಯ ಶತಮಾನದಲ್ಲಿ ಅಳತೆಗೋಲು ಪ್ರಯೋಗಶಾಲೆಗೆ ಬಂದಿತು. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ೧೯೧೮ರಲ್ಲಿ ಆರಂಭಿಸಿದ ಸಂಶೋಧನೆ ಮುಂದೆ ಪೋಷಣ ಸಂಶೋಧನಾಲಯವಾಗಿ ಬೆಳೆಯಿತು. ಭಾರತದ ಬೇರೆ ಬೇರೆ ಪ್ರಾಂತಗಳ ಊಟದ ಮಾದರಿಗಳನ್ನು ಆತನು ಇಲಿಗಳಿಗೆ ತಿನ್ನಿಸಿ ಅವುಗಳ ಬೆಳವಣಿಗೆಯನ್ನು ಹೋಲಿಸಿದನು. ಗೋಧಿ, ಹಾಲು, ತರಕಾರಿಗಳಿದ್ದ ಆಹಾರದ ಮುಂದೆ ಅಕ್ಕಿಯೇ ಪ್ರಧಾನವಾದ ದಕ್ಷಿಣದ ಆಹಾರ ಹಿಂದೆ ಬಿದ್ದಿತು. ಆತನ ತರುವಾಯ ಬಂದ ಐಕ್ರಾಯ್ಡ್ ೧೯೩೭ರಲ್ಲಿ ಭಾರತೀಯ ಆಹಾರಪದಾರ್ಥಗಳ ಪೋಷಕಾಂಶಗಳನ್ನು ಕುರಿತ ಕೈಪಿಡಿಯನ್ನು ಪ್ರಕಟಿಸಿದನು. ಸಂಸ್ಥೆ ೧೯೫೮ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ೧೯೬೯ರಿಂದ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ಈ ನಡುವೆ ೧೯೫೦ರಲ್ಲಿ ಮೈಸೂರಿನ ಚೆಲುವಾಂಬ ಭವನದಲ್ಲಿ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆ ಸ್ಥಾಪಿತವಾಗಿ, ಆಹಾರವಿಜ್ಞಾನ ನಮ್ಮ ಊರಿನ ವಿದ್ಯೆಯೇ ಆಯಿತು.

೨೦೨೪ರಲ್ಲಿ ಹೈದರಾಬಾದಿನ ಸಂಸ್ಥೆ ಹೊರಡಿಸಿದ ಆಹಾರಸೂತ್ರಗಳು ಹದಿನೇಳು. ದಿನದ ಶಕ್ತಿಯಲ್ಲಿ ಏಕದಳ ಧಾನ್ಯ ಹಾಗೂ ಸಿರಿಧಾನ್ಯಗಳ ಪಾಲು ನೂರಕ್ಕೆ ೪೫ನ್ನು ಮೀರಬಾರದು, ಉಪ್ಪು ದಿನಕ್ಕೆ ೫ ಗ್ರಾಮನ್ನು ಮೀರಬಾರದು ಎಂಬುವು ಅವುಗಳಲ್ಲಿ ಮುಖ್ಯವಾದುವು. ತಟ್ಟೆಯ ತುಂಬ ಅನ್ನವನ್ನು ಹರಡಿ ಅಂಚಿನಲ್ಲಿ ಪಲ್ಯವನ್ನು ಇಡುವ, ಮೂರು ಸಲ ಅನ್ನವನ್ನೇ ಬಡಿಸುವ ನಮ್ಮ ಪಂಕ್ತಿಯ ಕ್ರಮಕ್ಕೆ ಇದು ನೇರವಾದ ಟೀಕೆ. ದಿನವಿಡೀ ಹೊಲದಲ್ಲಿ ಗೇಯುವವನಿಗೆ ತಕ್ಕುದಾಗಿದ್ದ ರಾಗಿಮುದ್ದೆಯ ಗಾತ್ರ, ದಿನವಿಡೀ ಕುರ್ಚಿಯಲ್ಲಿ ಕೂರುವವನಿಗೂ ಹಾಗೆಯೇ ಉಳಿದುಬಂದರೆ ಅದು ಸಂಪ್ರದಾಯಪಾಲನೆಯಲ್ಲ, ಮಾತ್ರೆಯ ಮರೆವು. ಪರಿಗ್ರಹವೆಂದು ಚರಕನು ಕರೆದುದನ್ನೇ ವಿಜ್ಞಾನವು ಗ್ರಾಂಗಳಲ್ಲಿ ಮತ್ತೆ ಹೇಳಿತೆನ್ನಬಹುದು; ಒಬ್ಬೊಬ್ಬನ ಜಠರಾಗ್ನಿಯ ಸ್ಥಾನದಲ್ಲಿ ಜನಸಮುದಾಯದ ಸರಾಸರಿ ನಿಂತಿದೆಯೆಂಬುದು ಮಾತ್ರ ವ್ಯತ್ಯಾಸ.

೬

ಮೇಲಿನ ನಿದರ್ಶನಗಳಿಂದ ಒಂದು ತೀರ್ಮಾನಕ್ಕೆ ಬರಬಹುದಾಗಿದೆ. ವೈದ್ಯನೂ ವಿಜ್ಞಾನಿಯೂ ಕೊಡುವ ಅಳತೆ ಸಲಹೆ; ವ್ರತಿಯದು ಸಂಕಲ್ಪ; ಈ ಮೂರರಲ್ಲಿಯೂ ಕೊನೆಯ ತುತ್ತಿನ ಒಡೆತನ ಉಣ್ಣುವವನದೇ. ಕ್ಷಾಮಾಧಿಕಾರಿಯ ಅಳತೆ ವಿಧಿಸಿದ್ದು. ಮಿತಾಹಾರದ ಉಪದೇಶಕ್ಕೆ ಅರ್ಥ ಬರುವುದು ತಟ್ಟೆಯಲ್ಲಿ ಇನ್ನೂ ಇದ್ದಾಗ. ತಟ್ಟೆ ಬರಿದಾಗಿದ್ದಾಗ ಅದು ಉಪದೇಶವಲ್ಲ. ೨೦೧೩ರ ಆಹಾರ ಭದ್ರತಾ ಕಾಯಿದೆ ಅರ್ಹ ಕುಟುಂಬದ ಒಬ್ಬೊಬ್ಬರಿಗೆ ತಿಂಗಳಿಗೆ ೫ ಕಿಲೊಗ್ರಾಂ ಧಾನ್ಯವನ್ನು ಹಕ್ಕಾಗಿ ಕೊಟ್ಟಿತು. ದಿನಕ್ಕೆ ಅದು ಸುಮಾರು ೧೬೭ ಗ್ರಾಂ. ಮನೆಯ ಸಂಪಾದನೆಗೆ ಪೂರಕವಾಗಿ ಕೊಡುವ ಧಾನ್ಯವಾದ್ದರಿಂದ ೧೮೭೭ರ ಪೌಂಡಿನೊಡನೆ ಇದನ್ನು ಸರಿತೂಗಿಸಲಾಗದು. ದಯೆಯಾಗಿದ್ದುದು ಹಕ್ಕಾಯಿತೆಂಬುದೇ ಇಲ್ಲಿಯ ದೊಡ್ಡ ಬದಲಾವಣೆ. ಆದರೆ ಪರಿಗ್ರಹದ ಪ್ರಶ್ನೆ, ಎಂದರೆ ಧಾನ್ಯದ ಜೊತೆಗೆ ಬೇಳೆ ಹಾಲು ಸೊಪ್ಪುಗಳ ಪ್ರಶ್ನೆ, ಕಾರ್ನಿಷನು ಎತ್ತಿದಂತೆಯೇ ನಮ್ಮ ಮುಂದೆ ಇದೆ.

ಇನ್ನೊಂದು ಪಂಕ್ತಿಯನ್ನು ನಮ್ಮ ಗ್ರಂಥಗಳೂ ಕಡತಗಳೂ ಅಳೆಯದೆ ಬಿಟ್ಟಿವೆ. ಮನೆಮಂದಿಗೆಲ್ಲ ಬಡಿಸಿ, ಎಲ್ಲರ ಹಸಿವನ್ನೂ ಕಣ್ಣಳತೆಯಲ್ಲಿಯೇ ಬಲ್ಲವಳು, ಕೊನೆಗೆ ಪಾತ್ರೆಯ ತಳದಲ್ಲಿ ಉಳಿದುದನ್ನು ತಾನು ಉಣ್ಣುವ ಪದ್ಧತಿ ಅನೇಕ ಮನೆಗಳಲ್ಲಿ ನಡೆದುಬಂದಿದೆ. ಅವಳ ಊಟ ಮಿತವೋ ಕೊರತೆಯೋ? ಬಡಿಸುವ ಕೈ ತನ್ನದೇ ಆಗಿದ್ದರೂ ಪಂಕ್ತಿಯ ಕೊನೆಯಲ್ಲಿ ಕುಳಿತವಳಿಗೆ ಆ ಗಾದೆಯ ಭರವಸೆ ಸಲ್ಲುವುದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲವೆಂಬುದು ನಿಜ. ಆದರೆ ಊಟವನ್ನು ಬಲ್ಲವನೆಂದರೆ ತನ್ನ ತಟ್ಟೆಯ ಅಳತೆಯನ್ನು ಮಾತ್ರ ಬಲ್ಲವನಲ್ಲ. ಪಾತ್ರೆಯಲ್ಲಿ ಎಷ್ಟು ಉಳಿದಿದೆ, ಇನ್ನೂ ಯಾರು ಉಣ್ಣಬೇಕಾಗಿದೆ ಎಂಬುದನ್ನೂ ನೋಡಿ ಏಳುವವನು.