ಕಾಳಿಯಿಂದ ಲ್ಯಾಬ್ರಡಾರ್‌ವರೆಗೆ

ತಿರುಮಕೂಡಲು ನರಸೀಪುರ ತಾಲ್ಲೂಕಿನ ಮೂಗೂರು ಎಂದರೆ ಮೈಸೂರು ಸೀಮೆಯವರಿಗೆ ನೆನಪಾಗುವುದು ತಿಬ್ಬಾದೇವಿ. ತ್ರಿಪುರಸುಂದರಿಗೆ ಅಲ್ಲಿನ ಜನ ಕೊಟ್ಟಿರುವ ಸಲುಗೆಯ ಹೆಸರು ಅದು. ಇಂಥ ಊರುಗಳಲ್ಲಿಯೂ ಈಗೀಗ ಹೊಸ ತಾರಸಿ ಮನೆಯ ಗೇಟಿನ ಹಿಂದೆ, ಅಗಲ ತಲೆಯ, ನೀರುನಾಯಿಯ ಬಾಲದಂತೆ ದಪ್ಪ ಬಾಲದ, ಹಳದಿಯದೋ ಕಪ್ಪಿನದೋ ಒಂದು ನಾಯಿ ನಿಂತಿದ್ದರೆ ಯಾರೂ ಬೆರಗಾಗುವುದಿಲ್ಲ. ಮೈಸೂರು ಬೆಂಗಳೂರುಗಳ ಬಡಾವಣೆಗಳಲ್ಲಂತೂ ಹೇಳಬೇಕಾದ್ದಿಲ್ಲ. ಯಾವ ನಾಯಿ ಎಂದು ಕೇಳಿದರೆ ಮಕ್ಕಳು ಕೂಡ ‘ಲ್ಯಾಬು’ ಎನ್ನುತ್ತಾರೆ. ಲೋಕದಲ್ಲಿ ನೂರಾರು ತಳಿಗಳಿರುವಾಗ ನಮ್ಮ ಜನಕ್ಕೆ ಇದೇ ಏಕೆ ಬೇಕಾಯಿತು? ಬರಿಯ ಷೋಕಿ ಎಂದು ತಳ್ಳಿಹಾಕುವವರುಂಟು. ಆದರೆ ನಾಯಿಯನ್ನು ಆರಿಸಿಕೊಳ್ಳುವ ವಿಷಯದಲ್ಲಿ ಕನ್ನಡನಾಡಿಗೆ ಹಳೆಯ ಅನುಭವವಿದೆ. ಅದನ್ನು ನೆನೆದುಕೊಂಡೇ ಲ್ಯಾಬ್ರಡಾರಿನ ಕಡೆಗೆ ಬರುವುದು ಒಳ್ಳೆಯದು.

ಮೂಗೂರಿನವರಿಗೆ ತಲಕಾಡು ದೂರವಲ್ಲ. ಒಂದೇ ತಾಲ್ಲೂಕು, ಕಾವೇರಿಯ ಆಚೆಯ ದಡ. ಆ ತಲಕಾಡಿನ ಗಂಗರಲ್ಲಿ ಇಮ್ಮಡಿ ಬೂತುಗನೆಂಬವನು ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಭಾವ. ತಕ್ಕೋಲದ ಕಾಳಗದಲ್ಲಿ ಇವರಿಬ್ಬರೂ ಸೇರಿ ಚೋಳ ರಾಜಾದಿತ್ಯನನ್ನು ಎದುರಿಸಿದರು. ರಾಜಾದಿತ್ಯ ಅಲ್ಲಿ ಮಡಿದ. ಬೂತುಗನಿಗೆ ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳು ದೊರೆತವು. ಬೂತುಗನ ಕಡೆ ಮಣಲೇರನೆಂಬ ಒಬ್ಬ ವೀರನಿದ್ದ. ಒಡೆಯನ ಮುಂದೆ ನಿಂತು ಕಾದಿದ್ದಕ್ಕೆ ಮೆಚ್ಚಿ, ಬೇಕಾದುದನ್ನು ಬೇಡಿಕೋ ಎಂದರೆ, ನಾಡು ಬೇಡಲಿಲ್ಲ, ಊರು ಬೇಡಲಿಲ್ಲ; ಕಾಳಿ ಎಂಬ ನಾಯಿಯನ್ನು ದಯೆಗೆಯ್ಯಬೇಕೆಂದ. ನಾಯಿ ಸಿಕ್ಕಿತು. ಅದನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯನ್ನು ನಾಯಿ, ನಾಯಿಯನ್ನು ಹಂದಿ ಕೊಂದವು.

ಇದು ಕಟ್ಟುಕಥೆಯಲ್ಲ. ಈಗಿನ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಚಲ್ಲೇಶ್ವರ ಗುಡಿಯ ಮುಂದೆ, ಶಕವರ್ಷ ೮೭೨, ಅಂದರೆ ಕ್ರಿ.ಶ. ೯೪೯–೫೦ರ ಎಣಿಕೆಯಲ್ಲಿ ಕಲ್ಲಿನ ಮೇಲೆ ಬರೆಸಿಟ್ಟ ಸಂಗತಿ. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರವಿದೆ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಪಾರ್ಕಿಗೆ ಹೋದವರು ಒಂದು ಗಳಿಗೆ ಒಳಹೊಕ್ಕು ನೋಡಬಹುದು. ಕಲ್ಲಿಗೆ ಪೂಜೆ ನಡೆಯಲೆಂದು ಭೂಮಿ ಬಿಟ್ಟರು. ಪೂಜಿಸದೆ ಉಂಡ ಗೊರವನಿಗೆ ಆ ನಾಯಿ ಮಾಡಿದ ಪಾಪ ತಗಲುವುದೆಂಬ ಕಟ್ಟಳೆಯನ್ನೂ ಬರೆಸಿದರು. ಚೋಳರ ಸೋಲು, ರಾಷ್ಟ್ರಕೂಟರ ಗೆಲವು ಇವನ್ನೆಲ್ಲ ಚರಿತ್ರೆಕಾರರು ಈ ಶಾಸನದಿಂದಲೇ ಹೆಕ್ಕಿಕೊಳ್ಳುತ್ತಾರೆ. ಒಂದು ನಾಯಿ ಸತ್ತಿರದಿದ್ದರೆ ಈ ಕಲ್ಲೂ ಇರುತ್ತಿರಲಿಲ್ಲವೆಂಬುದನ್ನು ಅವರು ಅಷ್ಟಾಗಿ ನೆನೆಯುವುದಿಲ್ಲ.

ಮಣಲೇರ ಆರಿಸಿದ್ದು ನಾಯಿಯ ಅಂದಕ್ಕಲ್ಲ, ಕೆಲಸಕ್ಕೆ. ಇದಾದ ಮೇಲೆ ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮುಮ್ಮಡಿ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದಾಗ ಅರಸರ ವಿನೋದಗಳ ನಡುವೆ ಸಾರಮೇಯ ವಿನೋದವೆಂದು ನಾಯಿಗಳಿಗೇ ಒಂದು ಪ್ರಕರಣವನ್ನು ಮೀಸಲಿಟ್ಟ. ಯಾವ ದೇಶದ ನಾಯಿ ಹೇಗೆ, ಬೇಟೆಗೆ ಯಾವುದು ಒದಗುತ್ತದೆ ಎಂಬ ವಿಚಾರ ಅದರಲ್ಲಿದೆ. ನಾಯಿಯ ಗುಣ ಅದು ಹುಟ್ಟಿದ ನಾಡಿನಿಂದ, ಮಾಡುವ ಕೆಲಸದಿಂದ ಬರುತ್ತದೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಲ್ಯಾಬ್ರಡಾರನ್ನು ತಿಳಿಯುವುದಕ್ಕೂ ಇದೇ ದಾರಿ.

ಅದರ ಹೆಸರಿನಲ್ಲೇ ಒಂದು ತಪ್ಪಿದೆ. ಕೆನಡಾದ ಲ್ಯಾಬ್ರಡಾರ್ ಪ್ರಾಂತಕ್ಕೂ ಈ ನಾಯಿಯ ಹುಟ್ಟಿಗೂ ನೇರ ಸಂಬಂಧವಿಲ್ಲ. ಅದರ ತವರು ಪಕ್ಕದ ನ್ಯೂಫೌಂಡ್ಲೆಂಡ್ ದ್ವೀಪ. ಪ್ರಾಂತಕ್ಕೆ ಆ ಹೆಸರು ಬಂದದ್ದು ಜೊವಾವೊ ಫೆರ್ನಾಂಡಿಸ್ ಲಾವ್ರಾದೋರ್ ಎಂಬ ಪೋರ್ಚುಗೀಸ್ ನಾವಿಕನಿಂದ. ಅವರ ಭಾಷೆಯಲ್ಲಿ ಲಾವ್ರಾದೋರ್ ಎಂದರೆ ಹೊಲ ಉಳುವವನು. ಹೀಗೆ ಬೆಸ್ತರ ನಾಯಿಗೆ ಬೇಸಾಯಗಾರನ ಹೆಸರು ಅಂಟಿಕೊಂಡಿತು.

ಬೆಸ್ತರ ನಾಯಿ ಎಂದುದು ಸುಮ್ಮನಲ್ಲ. ನ್ಯೂಫೌಂಡ್ಲೆಂಡಿನ ಸೇಂಟ್ ಜಾನ್ಸ್ ಬಂದರಿನ ಸುತ್ತ ಕಾಡ್ ಮೀನು ಹಿಡಿಯುವವರ ದೋಣಿಗಳಲ್ಲಿ ಗಿಡ್ಡ ಕೂದಲಿನ ಕಪ್ಪು ನಾಯಿಗಳಿರುತ್ತಿದ್ದವು. ಗಾಳದಿಂದ ಕಳಚಿಕೊಂಡ ಮೀನನ್ನು ನೀರಿಗೆ ಹಾರಿ ಹಿಡಿದು ತರುವುದು, ಹಗ್ಗದ ತುದಿಯನ್ನು ಕಚ್ಚಿಕೊಂಡು ಈಜುವುದು ಅವುಗಳ ಉದ್ಯೋಗ. ಮಂಜಿನಂಥ ನೀರಿನಲ್ಲಿ ಬದುಕಬೇಕಾದ್ದರಿಂದ ಮೈಮೇಲೆ ಎರಡು ಪದರ ಕೂದಲು, ಅದರಲ್ಲಿ ಎಣ್ಣೆಯ ಜಿಡ್ಡು; ಈಜುವಾಗ ಚುಕ್ಕಾಣಿಯಾಗಲು ದಪ್ಪ ಬಾಲ. ಉಪ್ಪುಮೀನು ಹೊತ್ತ ಹಡಗುಗಳೊಂದಿಗೆ ಈ ನಾಯಿಗಳು ಇಂಗ್ಲೆಂಡಿನ ಪೂಲ್ ಬಂದರಿಗೂ ಬಂದವು. ೧೯ನೆಯ ಶತಮಾನದಲ್ಲಿ ಮಾಮ್ಸ್‌ಬರಿಯ ಅರ್ಲ್‌ಗಳು ಅವನ್ನು ಕೊಂಡು ಸಾಕಿದರು. ೧೮೮೦ರ ದಶಕದಲ್ಲಿ ಅವರ ನಾಯಿಗಳು ಸ್ಕಾಟ್ಲೆಂಡಿನ ಬಕ್ಲೂ ಡ್ಯೂಕರ ಮನೆಗೆ ಹೋದವು. ಅಲ್ಲಿಂದ ವಂಶ ಬೆಳೆಯಿತು. ೧೯೦೩ರಲ್ಲಿ ಬ್ರಿಟನ್ನಿನ ಕೆನೆಲ್ ಕ್ಲಬ್ಬು ಅದನ್ನು ಪ್ರತ್ಯೇಕ ತಳಿಯೆಂದು ಒಪ್ಪಿಕೊಂಡಿತು. ತವರಿನ ಸೇಂಟ್ ಜಾನ್ಸ್ ನಾಯಿಯಾದರೋ ಕಾಲಕ್ರಮದಲ್ಲಿ ಅಳಿದೇಹೋಯಿತು.

ಇಂಗ್ಲೆಂಡಿನ ಶ್ರೀಮಂತರಿಗೆ ಮೀನು ಬೇಕಿರಲಿಲ್ಲ, ಹಕ್ಕಿ ಬೇಕಿತ್ತು. ಬಂದೂಕಿಗೆ ಬಿದ್ದ ಹಕ್ಕಿಯನ್ನು ಪೊದೆಯಿಂದಲೋ ಕೆರೆಯಿಂದಲೋ ಎತ್ತಿ ತರಬೇಕು; ಆದರೆ ಹಲ್ಲು ಊರಬಾರದು. ಗುಂಡು ಹಾರಿದರೂ ಬೆದರದೆ ಯಜಮಾನನ ಪಕ್ಕದಲ್ಲಿ ಕುಳಿತಿರಬೇಕು. ಬೇಟೆಗೆ ಬಂದ ಹತ್ತಾರು ಮಂದಿ ಅಪರಿಚಿತರ ಮೇಲೆ, ಅವರ ನಾಯಿಗಳ ಮೇಲೆ ಹಾಯಬಾರದು. ಹೇಳಿದ ಮಾತು ಕೇಳಿ, ಹೇಳಿಸಿಕೊಳ್ಳುವುದರಲ್ಲೇ ಸಂತೋಷಪಡಬೇಕು. ಇಂಥವನ್ನೇ ಆರಿಸಿ ಆರಿಸಿ ಮರಿಮಾಡಿಸಿದರು. ಇಂದು ನಮ್ಮ ಮನೆಗಳಲ್ಲಿ ‘ಎಷ್ಟು ಸಾಧು, ಮಗು ಕಿವಿ ಎಳೆದರೂ ಸುಮ್ಮನಿರುತ್ತೆ’ ಎಂದು ಹೊಗಳುವ ಗುಣವೆಲ್ಲ ಆ ಬೇಟೆಯ ಬಯಲಿನಲ್ಲಿ ಸಂಪಾದಿಸಿದ್ದು. ಚಪ್ಪಲಿ, ಟವೆಲು, ವೃತ್ತಪತ್ರಿಕೆ ಯಾವುದಾದರೊಂದನ್ನು ಬಾಯಲ್ಲಿ ಹಿಡಿದುಕೊಂಡು ಬಾಗಿಲಿಗೆ ಬಂದು ಬಾಲವಾಡಿಸುವುದು ತುಂಟತನವಲ್ಲ. ಬಿದ್ದ ಹಕ್ಕಿ ಸಿಗದೆಹೋದ ಲ್ಯಾಬ್ರಡಾರಿನ ಕುಲವೃತ್ತಿ.

ನಮ್ಮ ದೇಶಕ್ಕೆ ಇದು ಬಂದದ್ದು ಬ್ರಿಟಿಷರ ಕಾಲದಲ್ಲಿ. ಜಿಂದ್, ಪಟಿಯಾಲದಂಥ ಸಂಸ್ಥಾನಗಳ ಮಹಾರಾಜರು ಒಳ್ಳೆಯ ಲ್ಯಾಬ್ರಡಾರುಗಳನ್ನು ತರಿಸಿ ಸಾಕಿದ್ದರು. ಬೇಟೆಯ ಕಾಲ ಮುಗಿಯಿತು. ಮೂಗಿಗೆ ಮಾತ್ರ ಬೇರೆ ಕೆಲಸ ಸಿಕ್ಕಿತು. ಮುಂಬಯಿ ಪೊಲೀಸರಲ್ಲಿದ್ದ ಜಂಜೀರ್ ಎಂಬ ಲ್ಯಾಬ್ರಡಾರ್ ೧೯೯೩ರ ಬಾಂಬ್ ಸ್ಫೋಟಗಳ ಸಮಯದಲ್ಲಿ ೩,೦೦೦ ಕಿಲೋಗ್ರಾಮಿಗೂ ಮೀರಿದ ಆರ್‌ಡಿಎಕ್ಸನ್ನು ಮೂಸಿ ತೋರಿಸಿತು. ೨೦೦೦ದಲ್ಲಿ ಅದು ಸತ್ತಾಗ ಪೊಲೀಸರು ಸಕಲ ಗೌರವದೊಂದಿಗೆ ಮಣ್ಣುಮಾಡಿದರು. ಆತಕೂರಿನ ಕಾಳಿಗೆ ಸಂದದ್ದೂ ಇಂಥದೇ ಮರ್ಯಾದೆಯಲ್ಲವೆ?

ಹಾಗಾದರೆ ಮನೆಯಲ್ಲಿ ಇದರೊಡನೆ ಬಾಳುವುದು ಹೇಗೆ? ಕಾವಲಿಗೆಂದು ತರುವವರು ಮೊದಲೇ ಯೋಚಿಸುವುದು ಮೇಲು. ಬೊಗಳುತ್ತದೆ ನಿಜ, ಆದರೆ ಕಳ್ಳನಿಗೂ ಬಾಲವಾಡಿಸಿ ಚೆಂಡು ತಂದುಕೊಟ್ಟೀತು. ಒಂಟಿಯಾಗಿರಲಾರದು, ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಕಚೇರಿಗೆ ಹೋಗಿ ರಾತ್ರಿ ಬರುವ ಮನೆಯಲ್ಲಿ ಅದು ಸೋಫಾ ಹರಿದರೆ ತಪ್ಪು ಸೋಫಾದ್ದೂ ಅಲ್ಲ, ನಾಯಿಯದೂ ಅಲ್ಲ. ಕೂದಲು ವರ್ಷವಿಡೀ ಉದುರುತ್ತದೆ. ಪೂಜೆಯ ಮಡಿಬಟ್ಟೆಯ ಮೇಲೂ ಬೀಳುತ್ತದೆ. ಈ ಕಾರಣಕ್ಕೆ ಅತ್ತೆ ಸೊಸೆಯರ ನಡುವೆ ಮಾತು ಬೆಳೆದರೆ ಆಶ್ಚರ್ಯವಿಲ್ಲ. ಮೊದಲ ಎರಡು ವರ್ಷ ಅದಕ್ಕೆ ದಣಿವೆಂಬುದೇ ಇಲ್ಲ. ಬೆಳಿಗ್ಗೆ ಸಂಜೆ ಚೆನ್ನಾಗಿ ನಡೆಸಬೇಕು, ಓಡಿಸಬೇಕು. ನರಸೀಪುರದ ಕಡೆ ನಾಲೆಯ ಬಯಲಿನಲ್ಲಿರುವವರಿಗೆ ಇದು ಸುಲಭ. ನೀರು ಕಂಡರೆ ಅದು ಕೇಳಿ ಹಾರುವುದಿಲ್ಲ; ಹಾರಿ, ಹೊರಬಂದು, ಪಕ್ಕದಲ್ಲಿದ್ದವರ ಮೇಲೆಲ್ಲ ಕೊಡವಿಕೊಳ್ಳುತ್ತದೆ. ಮೂರನೆಯ ಮಹಡಿಯ ಫ್ಲಾಟಿನಲ್ಲಿರುವವರಿಗೆ ಅಷ್ಟು ಸುಲಭವಲ್ಲ. ಹಿಮದ ನೀರಿಗೆಂದು ಹೊಲಿಸಿದ ಅಂಗಿಯನ್ನು ಅದು ನಮ್ಮ ಬೇಸಗೆಯಲ್ಲೂ ತೊಟ್ಟೇ ಇರಬೇಕಲ್ಲ. ಬಿಸಿಲೇರಿದ ಮೇಲೆ ಡಾಂಬರು ರಸ್ತೆಯಲ್ಲಿ ಎಳೆದುಕೊಂಡು ಹೋಗುವುದು ಕ್ರೌರ್ಯ.

ಎಲ್ಲಕ್ಕಿಂತ ದೊಡ್ಡ ಸಂಗತಿ ಹೊಟ್ಟೆಯದು. ಲ್ಯಾಬ್ರಡಾರಿನ ಹಸಿವು ಸಾಕಿದವರಿಗೆಲ್ಲ ಗೊತ್ತು. ಈಗ ಉಂಡು ಎದ್ದದ್ದು ಮರುಗಳಿಗೆಯಲ್ಲೇ ಮೂರು ದಿನ ಉಪವಾಸವಿದ್ದಂತೆ ಮುಖ ನೋಡುತ್ತದೆ. ಇದು ನಟನೆಯೆಂದು ಎಲ್ಲರೂ ತಿಳಿದಿದ್ದರು. ೨೦೧೬ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ನಿಜವನ್ನು ಹೊರಗೆಡವಿದರು. ಹೊಟ್ಟೆ ತುಂಬಿತೆಂದು ಮೆದುಳಿಗೆ ತಿಳಿಸುವ ವ್ಯವಸ್ಥೆಗೆ ಸಂಬಂಧಿಸಿದ ಒಂದು ಜೀನಿನ ತುಣುಕು ಸುಮಾರು ನಾಲ್ಕರಲ್ಲೊಂದು ಲ್ಯಾಬ್ರಡಾರಿನಲ್ಲಿ ಕಳಚಿಹೋಗಿದೆ. ಕುರುಡರಿಗೆ, ಅಂಗವಿಕಲರಿಗೆ ನೆರವಾಗಲೆಂದು ಆರಿಸಿದ ನಾಯಿಗಳನ್ನು ನೋಡಿದರೆ ಅವುಗಳಲ್ಲಿ ಮುಕ್ಕಾಲು ಪಾಲಿಗೆ ಈ ಕೊರತೆ! ತಿಂಡಿಯ ಆಸೆ ಹೆಚ್ಚಿದ್ದಷ್ಟೂ ಕಲಿಸುವುದು ಸುಲಭ. ಕಲಿಯಬಲ್ಲವನ್ನು ಆರಿಸುತ್ತ ಜನ ತಮಗರಿವಿಲ್ಲದೆ ಹಸಿದವನ್ನೇ ಆರಿಸಿದರೆಂದು ಊಹಿಸಬಹುದು. ೨೦೨೪ರಲ್ಲಿ ಇನ್ನೊಂದು ಸಂಗತಿ ತಿಳಿಯಿತು: ಇಂಥ ನಾಯಿ ಸುಮ್ಮನೆ ಮಲಗಿರುವಾಗ ಅದರ ಮೈ ಸುಡುವ ಶಕ್ತಿಯೂ ಉಳಿದವಕ್ಕಿಂತ ಕಾಲು ಭಾಗದಷ್ಟು ಕಡಿಮೆ. ಹೆಚ್ಚು ಹಸಿವು, ಕಡಿಮೆ ಖರ್ಚು. ದುಂಡಗಾಗದೆ ಇನ್ನೇನಾದೀತು?

ನಮ್ಮ ಮನೆಗಳ ಪ್ರೀತಿ ತಟ್ಟೆಯ ಮೂಲಕ ಹರಿಯುವಂಥದು. ಅಜ್ಜಿ ಒಂದು ಇಡ್ಲಿ ಹಾಕುತ್ತಾಳೆ, ಮೊಮ್ಮಗ ಬಿಸ್ಕತ್ತು, ಯಜಮಾನರು ತಾವು ಉಂಡ ಮೊಸರನ್ನದಲ್ಲಿ ಒಂದು ತುತ್ತು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ನಾಯಿ ಹೇಳುವುದೂ ಇಲ್ಲ. ಈರುಳ್ಳಿಯ ಸಾಂಬಾರು, ಪಾಯಸದ ದ್ರಾಕ್ಷಿ, ಮಕ್ಕಳ ಚಾಕೊಲೇಟು ನಾಯಿಗೆ ವಿಷ ಎಂಬುದು ಎಷ್ಟೋ ಮನೆಗಳಲ್ಲಿ ತಿಳಿದಿಲ್ಲ. ಗಂಡು ಲ್ಯಾಬ್ರಡಾರ್ ೩೦ರಿಂದ ೩೬ ಕಿಲೋ ತೂಗುವುದು ವಾಡಿಕೆ. ಅದಕ್ಕಿಂತ ಬಹಳ ಹೆಚ್ಚಾದರೆ ಭಾರವೆಲ್ಲ ಬೀಳುವುದು ಸೊಂಟದ ಕೀಲಿನ ಮೇಲೆ, ಮೊಳಕಾಲಿನ ಮೇಲೆ. ಈ ತಳಿಗೆ ಆ ಕೀಲುಗಳೇ ಮೊದಲಿನಿಂದ ನಿರ್ಬಲ. ಆದ್ದರಿಂದ ಮರಿ ಕೊಳ್ಳುವಾಗ ತಾಯಿ ತಂದೆಗಳ ಕೀಲನ್ನು ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಕೇಳಬೇಕು. ಕೇಳುವವರು ಕಡಿಮೆ, ಬಣ್ಣವನ್ನಂತೂ ಎಲ್ಲರೂ ಕೇಳುತ್ತಾರೆ.

ದೇಶೀ ನಾಯಿ ಇರುವಾಗ ಇದೇಕೆ ಎಂಬ ವಾದವೂ ಇದೆ. ಮುಧೋಳದ ನಾಯಿಯನ್ನು ಅದಕ್ಕೆ ಎದುರಾಗಿ ನಿಲ್ಲಿಸುತ್ತಾರೆ. ಘೋರ್ಪಡೆ ಅರಸರ ಪೋಷಣೆಯಲ್ಲಿ ಹೆಸರಾದ ಆ ನಾಯಿಗೆ ೨೦೦೫ರಲ್ಲಿ ಅಂಚೆ ಚೀಟಿಯ ಗೌರವ ಸಿಕ್ಕಿತು; ಮುಧೋಳದ ಬಳಿ ತಿಮ್ಮಾಪುರದಲ್ಲಿ ಅದರ ಸಂಶೋಧನಾ ಕೇಂದ್ರವೂ ಇದೆ. ನಮ್ಮ ಬಿಸಿಲಿಗೆ ಒಗ್ಗಿದ ಮೈ, ಮಿತಾಹಾರ, ಗಾಳಿಯಂಥ ಓಟ. ಆದರೆ ಅದು ಮೂಗಿನಿಂದಲ್ಲ, ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಮೊಲವೊಂದು ಅಲುಗಾಡಿದರೆ ಯಜಮಾನನ ಅಪ್ಪಣೆಗೆ ಕಾಯದೆ ತಾನೇ ನಿರ್ಧರಿಸಿ ಓಡುವುದು ಅದರ ಕುಲಧರ್ಮ. ಹೊರಗಿನವರ ಮೈದಡವುವಿಕೆ ಅದಕ್ಕೆ ಹಿಡಿಸುವುದಿಲ್ಲ. ಹೊಲ ತೋಟವಿರುವವರಿಗೆ ಅದು ರತ್ನ. ನಾಲ್ಕು ಗೋಡೆಯ ನಡುವೆ ಕಟ್ಟಿಹಾಕಿ, ಅತಿಥಿಗಳ ಮುಂದೆ ಕೈಕೊಡು ಎಂದರೆ ಅದಕ್ಕೂ ಅವಮಾನ, ನಮಗೂ ನಿರಾಶೆ. ಇನ್ನು ಬೀದಿಯ ನಾಯಿಯನ್ನು ‘ಕಂತ್ರಿ’ ಎಂದು ಬೈಯುತ್ತೇವೆ. ಇಂಗ್ಲಿಷರು ‘ಕಂಟ್ರಿ’ ಎಂದದ್ದು ಸವೆದು ಬೈಗುಳವಾಯಿತು. ಹಳ್ಳಿಯದು, ನಾಡಿನದು ಎಂಬುದಷ್ಟೇ ಅದರ ಮೊದಲ ಅರ್ಥ. ಆರೈಕೆ ಸಿಕ್ಕರೆ ಆ ನಾಯಿಯೂ ಒಳ್ಳೆಯ ಸಂಗಾತಿ, ವೈದ್ಯರ ಖರ್ಚೂ ಕಡಿಮೆ. ಹೀಗಿದ್ದೂ ಚಿಕ್ಕ ಮಕ್ಕಳಿರುವ, ಬಂದುಹೋಗುವವರು ಹೆಚ್ಚಿರುವ, ನಾಯಿ ಸಾಕಿ ಅಭ್ಯಾಸವಿಲ್ಲದ ಮನೆಯವರು ಲ್ಯಾಬ್ರಡಾರನ್ನೇ ಆರಿಸಿದರೆ ನಾವು ಷೋಕಿ ಎನ್ನಲಾರೆವು. ತಪ್ಪನ್ನು ಕ್ಷಮಿಸುವುದರಲ್ಲಿ ಅದಕ್ಕೆ ಸಮನಾದ ನಾಯಿ ಅಪರೂಪ. ಅಮೆರಿಕದ ಕೆನೆಲ್ ಕ್ಲಬ್ಬಿನ ಪಟ್ಟಿಯಲ್ಲಿ ೧೯೯೧ರಿಂದ ೨೦೨೧ರವರೆಗೆ ೩೧ ವರ್ಷ ಅದೇ ಮೊದಲ ಸ್ಥಾನದಲ್ಲಿದ್ದುದು ಇದೇ ಕಾರಣಕ್ಕೆ ಇರಬೇಕು.

ಮಣಲೇರನಿಗೆ ಕಾಳಿ ಯಾವ ಕೆಲಸದ ನಾಯಿ ಎಂಬುದು ಗೊತ್ತಿತ್ತು. ಹುಟ್ಟುಹಬ್ಬದ ಉಡುಗೊರೆಯೆಂದು ೪೫ ದಿನದ ಮರಿಯನ್ನು ಬುಟ್ಟಿಯಲ್ಲಿ ತರುವವರಿಗೆ ಅದು ಗೊತ್ತಿರುವುದಿಲ್ಲ. ವರ್ಷ ತುಂಬುವುದರೊಳಗೆ ಅದು ಮೇಜನ್ನು ಉರುಳಿಸುವಷ್ಟು ದೊಡ್ಡದಾಗಿ, ವರ್ಗವಾಯಿತೆಂದೋ ಮನೆ ಮಾಲೀಕರು ಒಪ್ಪಲಿಲ್ಲವೆಂದೋ ಯಾವುದೋ ಹೆದ್ದಾರಿಯ ಬದಿ ಇಳಿಸಿಹೋಗುವವರು ನಗರಗಳಲ್ಲಿದ್ದಾರೆ. ಬೀದಿಯಲ್ಲಿ ಹುಟ್ಟಿದ ನಾಯಿಗೆ ಬೀದಿಯ ವಿದ್ಯೆ ಬರುತ್ತದೆ, ಲ್ಯಾಬ್ರಡಾರಿಗೆ ಬರುವುದಿಲ್ಲ. ನಿಲ್ಲುವ ಪ್ರತಿಯೊಂದು ಕಾರಿನ ಬಳಿಗೂ ಅದು ಬಾಲವಾಡಿಸಿಕೊಂಡು ಹೋಗುತ್ತದೆ. ಉಳಿಸಿಕೊಂಡವರಿಗೂ ಮುಂದೆ ಕೆಲಸವಿದೆ. ಅದರ ಆಯುಸ್ಸು ಹತ್ತು ಹನ್ನೆರಡು ವರ್ಷ. ಮಗ ಮೂರನೆಯ ತರಗತಿಯಲ್ಲಿದ್ದಾಗ ತಂದ ಮರಿ ಅವನು ಕಾಲೇಜಿಗೆ ಹೊರಡುವ ಹೊತ್ತಿಗೆ ಮುದಿಯಾಗಿ, ಮೂತಿ ನರೆತು, ಮಹಡಿಯ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡುತ್ತಿರುತ್ತದೆ. ಆಗ ಅದನ್ನು ದಿನಕ್ಕೆರಡು ಬಾರಿ ಯಾರಾದರೂ ಎತ್ತಿಕೊಂಡು ಹತ್ತಬೇಕು. ಮೂವತ್ತು ಕಿಲೋ.