ಬೊಕ್ಕತಲೆ, ಆನುವಂಶಿಕ

ಗಂಡಸರಲ್ಲಿ ಹಣೆಯ ಇಬ್ಬದಿಯಿಂದ ಕೂದಲು ಹಿಂದೆ ಸರಿದು ನೆತ್ತಿ ಬರಿದಾಗುವ, ಹೆಂಗಸರಲ್ಲಿ ಸಾಮಾನ್ಯವಾಗಿ ಬೈತಲೆ ಅಗಲವಾಗುವ ಸ್ಥಿತಿ.

ಪ್ರಾಯಕ್ಕೆ ಬರುವ ಮುನ್ನವೇ ವೃಷಣ ಕಳೆದುಕೊಂಡವರಿಗೆ ತಲೆ ಬೋಳಾಗುವುದಿಲ್ಲ. ಅಂಥವರಿಗೆ ಟೆಸ್ಟೋಸ್ಟೆರಾನ್ ಕೊಟ್ಟಾಗ, ಮನೆತನದಲ್ಲಿ ಬೊಕ್ಕತಲೆ ಇದ್ದವರ ಕೂದಲು ಉದುರತೊಡಗಿತೆಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ವರದಿ ಮಾಡಿದರು. ಹಾರ್ಮೋನು ಮತ್ತು ವಂಶ ಎರಡೂ ಕೂಡಬೇಕೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕೆಲಸ ಅಪರೂಪ.

ಗಂಡಸರಲ್ಲಿ ನೇರ ಕಾರಣ ಡೈಹೈಡ್ರೊಟೆಸ್ಟೋಸ್ಟೆರಾನ್. 5-ಆಲ್ಫಾ ರಿಡಕ್ಟೇಸ್ ಕಿಣ್ವವು ಟೆಸ್ಟೋಸ್ಟೆರಾನನ್ನು ಈ ಹಾರ್ಮೋನಾಗಿ ಮಾರ್ಪಡಿಸುತ್ತದೆ. ಆ ಹಾರ್ಮೋನು ಕೂದಲಿನ ಬುಡದ ಗ್ರಾಹಕಗಳಿಗೆ ಅಂಟಿಕೊಂಡಾಗ ಬೆಳವಣಿಗೆಯ ಅವಧಿ ಮೊಟಕಾಗುತ್ತದೆ, ಕೂದಲಗುಳಿ ಕುಗ್ಗುತ್ತದೆ. ಪ್ರತಿ ಸುತ್ತಿನಲ್ಲೂ ಹಿಂದಿನದಕ್ಕಿಂತ ಸಣ್ಣ, ಗಿಡ್ಡ ಕೂದಲು ಹುಟ್ಟಿ ಕೊನೆಗೆ ನವಿರಷ್ಟೇ ಉಳಿಯುತ್ತದೆ. ಅದೇ ತಲೆಯ ಹಿಂಭಾಗದ ಕೂದಲು ಮಾತ್ರ ಬಹುಮಟ್ಟಿಗೆ ಜಗ್ಗುವುದಿಲ್ಲ. ಕೂದಲು ಕಸಿ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಡೊಮಿನಿಕನ್ ಗಣರಾಜ್ಯದಲ್ಲಿ ಈ ಕಿಣ್ವದ ಜನ್ಮಜಾತ ಕೊರತೆಯಿದ್ದ ಗಂಡಸರಿಗೆ ಬೊಕ್ಕತಲೆ ಬರುತ್ತಿರಲಿಲ್ಲ. ಅವರ ಕುರಿತು 1974ರಲ್ಲಿ ಪ್ರಕಟವಾದ ಅಧ್ಯಯನ, ಈ ಕಿಣ್ವವನ್ನು ತಡೆಯುವ ಫಿನಾಸ್ಟೆರೈಡ್ ಔಷಧಿಗೆ ದಾರಿ ಮಾಡಿತು.

ಈ ಹಾರ್ಮೋನು ಅಂಟಿಕೊಳ್ಳುವ ಗ್ರಾಹಕದ ಜೀನ್ ಎಕ್ಸ್ ವರ್ಣತಂತುವಿನಲ್ಲಿದ್ದು ಗಂಡುಮಕ್ಕಳಿಗೆ ತಾಯಿಯಿಂದಲೇ ಬರುತ್ತದೆ. ಆದರೂ ತಾಯಿಯ ತಂದೆಯನ್ನು ನೋಡಿ ಭವಿಷ್ಯ ಹೇಳುವುದು ಸರಿಯಲ್ಲ: ಇತರ ವರ್ಣತಂತುಗಳ ಹಲವು ಜೀನ್‌ಗಳು ತಂದೆಯಿಂದಲೂ ಬರುತ್ತವೆ. ಜನ ದೂರುವ ಬೋರ್‌ವೆಲ್ ನೀರು, ಹೆಲ್ಮೆಟ್ ಈ ಬೊಕ್ಕತಲೆಯ ಮೂಲ ಕಾರಣಗಳಲ್ಲ.