ಅಣ್ಣನ ಕರೀ ಕಾರು

ನಮ್ಮ ಚಿಂಚಲಿಯವರಿಗೆ ಓಟದ ಹುಚ್ಚು ಹೊಸದಲ್ಲ. ಭಾರತ ಹುಣ್ಣಿಮೆಗೆ ಮಾಯಕ್ಕನ ಜಾತ್ರೆ ಬಂತೆಂದರೆ ಸುತ್ತಲಿನ ಹಳ್ಳಿಗಳಿಂದಲೂ ಅತ್ತ ಮಹಾರಾಷ್ಟ್ರದಿಂದಲೂ ಎತ್ತಿನ ಬಂಡಿಗಳು ದೂಳೆಬ್ಬಿಸಿಕೊಂಡು ಬರುತ್ತಿದ್ದವು. ಹುಡುಗಿಯರಾದ ನಾವು ಮಾಳಿಗೆ ಏರಿ ನಿಂತು ಯಾವ ಬಂಡಿ ಮುಂದೆ, ಯಾವುದು ಹಿಂದೆ ಎಂದು ಪಂಥ ಕಟ್ಟುತ್ತಿದ್ದೆವು. ನನ್ನ ಅಣ್ಣನ ಕಣ್ಣು ಮಾತ್ರ ಎತ್ತುಗಳ ಮೇಲೆ ಇರುತ್ತಿರಲಿಲ್ಲ. ಅವನು ನೋಡುತ್ತಿದ್ದದ್ದು ಗಾಲಿಯನ್ನು, ಅಚ್ಚನ್ನು, ಕೀಲಿಗೆ ಸವರಿದ ಎಣ್ಣೆಯನ್ನು. ಆ ಹುಡುಗ ಎಂಜಿನಿಯರಿಂಗ್ ಓದಿ 1981ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯಕ್ಕೆ ಹೋದ. ಅಲ್ಲಿನ ಡೆಟ್ರಾಯಿಟ್ ಎಂದರೆ ಮೋಟಾರು ಗಾಡಿಗಳ ತವರು.

ಮರುವರ್ಷ ನನ್ನ ಮದುವೆಯಾಯಿತು. 1986ರಲ್ಲಿ ನಾನು ಒಂದು ಟ್ರಂಕು ಹಿಡಿದುಕೊಂಡು ಚಿಂಚಲಿಯ ಸ್ಟೇಶನ್ನಿನಲ್ಲಿ ಇಳಿದೆ, ಮತ್ತೆ ಗಂಡನ ಮನೆಗೆ ಹೋಗಲಿಲ್ಲ. ಕಾರಣಗಳನ್ನು ಇಲ್ಲಿ ಬರೆಯುವುದಿಲ್ಲ. ಅಂಥ ಕಾರಣಗಳು ಯಾವ ಊರಿನ ಹೆಣ್ಣುಮಕ್ಕಳಿಗೂ ಹೊಸವಲ್ಲ. ವಿಷಯ ತಿಳಿದು ಅಣ್ಣ ಅವ್ವನಿಗೆ ಪತ್ರ ಬರೆದ. "ಹೆಂಗರೆ ಮಾಡಿ ಆಕೀನ್ನ ತಿರುಗಿ ಕಳಸು. ಕೊಟ್ಟ ಹೆಣ್ಣು ಮನ್ಯಾಗ ಇದ್ರ ಮಂದಿ ಏನಂದಾರು" ಎಂದಿತ್ತು ಅದರಲ್ಲಿ. ಅವ್ವನಿಗೆ ಓದು ಬಾರದು. ಆ ಪತ್ರವನ್ನು ಅವಳಿಗೆ ಓದಿ ಹೇಳಿದವಳು ನಾನೇ.

ಅವ್ವ ನನ್ನನ್ನು ಕಳಿಸಲಿಲ್ಲ. ತನ್ನ ಪಾಟಲಿ ಮಾರಿ ಟಿ.ಸಿ.ಎಚ್. ಓದಲು ಹಚ್ಚಿದಳು.

1987ರ ದೀಪಾವಳಿಯ ಹೊತ್ತಿಗೆ ಅಣ್ಣನಿಂದ ಒಂದು ಫೋಟೋ ಬಂತು. ಉದ್ದನೆಯ, ಎರಡೇ ಬಾಗಿಲಿನ ಒಂದು ಕಾರು. ತುದಿಯಿಂದ ತುದಿಗೆ ಕಾಡಿಗೆಯಂತೆ ಕಪ್ಪು. ಹೆಸರು ಬ್ಯೂಕ್ ಗ್ರ್ಯಾಂಡ್ ನ್ಯಾಶನಲ್. ಪಕ್ಕದಲ್ಲಿ ಎದೆ ಸೆಟೆದು ನಿಂತ ಅಣ್ಣ. "ಹೊಸಾ ಗಾಡಿ ಕರೀದು ತಗೊಂಡಾನಲ್ಲ!" ಎಂದು ಕಾಕು ಗಾಬರಿಯಾದರು. ಅವ್ವ ಮಾತ್ರ, "ಎತ್ತಿನ ಕಾಲಿಗೆ ಕರೀದಾರ ಕಟ್ಟತೀವಿ. ಇಲ್ಲಿ ಇಡೀ ಗಾಡೀನ ಕರೀದೈತಿ. ಇದಕ್ಕ ದೃಷ್ಟಿ ಹೆಂಗ ತಾಗತೈತಿ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಆ ಫೋಟೋ ಹದಿನೈದು ವರ್ಷ ನನ್ನ ಕಣ್ಣಿಗೆ ಚುಚ್ಚುತ್ತಲೇ ಇತ್ತು.

2002ರಲ್ಲಿ ಡೆಟ್ರಾಯಿಟ್‌ನಲ್ಲಿ ವಿಶ್ವ ಕನ್ನಡ ಸಮ್ಮೇಳನ ನಡೆಯಿತು. ಅದರ ನೆವದಿಂದ ಅಣ್ಣ ನನ್ನನ್ನು ಕರೆಸಿಕೊಂಡ. ಅಷ್ಟರಲ್ಲಿ ಅವ್ವ ತೀರಿಕೊಂಡು ಮೂರು ವರ್ಷವಾಗಿತ್ತು, ನಾನು ಹನ್ನೆರಡು ವರ್ಷದ ಅನುಭವವಿದ್ದ ಶಾಲಾ ಶಿಕ್ಷಕಿಯಾಗಿದ್ದೆ. ಸಮ್ಮೇಳನಕ್ಕೆ ಎರಡು ವಾರ ಮೊದಲು ಅಣ್ಣ, "ಬಾ, ನಮ್ಮ ಜಾತ್ರಿ ತೋರಸ್ತೀನಿ" ಎಂದು ಹೊರಡಿಸಿದ. ವೈನಿ ಹಿಂದೆ ಕೂತರು, ನನ್ನನ್ನು ಮುಂದೆ ಕೂಡಿಸಿದರು. ಅದೇ ಕರೀ ಕಾರು.

ಜಾತ್ರೆ ನಡೆದದ್ದು ವುಡ್‌ವರ್ಡ್ ಅವೆನ್ಯೂ ಎಂಬ ರಸ್ತೆಯಲ್ಲಿ. 1909ರಲ್ಲಿ ಇದೇ ರಸ್ತೆಯ ಒಂದು ಮೈಲಿಗೆ ಕಾಂಕ್ರೀಟು ಹಾಕಿದ್ದು ಮೋಟಾರು ರಸ್ತೆಗಳ ಚರಿತ್ರೆಯಲ್ಲಿ ದೊಡ್ಡ ಸಂಗತಿ. 1960ರ ದಶಕದಲ್ಲಿ ರಾತ್ರಿಯಾದರೆ ಇಲ್ಲಿ ತರುಣರು ಕದ್ದು ಶರ್ಯತ್ತು ಓಡಿಸುತ್ತಿದ್ದರಂತೆ. ಮಕ್ಕಳಿಗೊಂದು ಫುಟ್ಬಾಲ್ ಮೈದಾನ ಬೇಕು, ಹಣ ಕೂಡಿಸೋಣ ಎಂದು 1995ರಲ್ಲಿ ಹಳೆಯ ಕಾರುಗಳ ಮೆರವಣಿಗೆ ಆರಂಭವಾಯಿತು. ಈಗ ಪ್ರತಿ ಆಗಸ್ಟಿನಲ್ಲೂ ಅದು ದೊಡ್ಡ ಉತ್ಸವ. ಜನ ರಸ್ತೆಯ ಎರಡೂ ಬದಿಗೆ ಕುರ್ಚಿ ಹಾಕಿಕೊಂಡು, ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಭಂಡಾರವೊಂದಿಲ್ಲ, ಉಳಿದದ್ದೆಲ್ಲ ನಮ್ಮ ಜಾತ್ರೆಯೇ.

ಕಾರುಗಳು ಆಮೆಯಂತೆ ಸರಿಯುತ್ತಿದ್ದವು. ಅಣ್ಣ ಒಂದೊಂದನ್ನೇ ತೋರಿಸುತ್ತ ಕತೆ ಹೇಳತೊಡಗಿದ. 1964ರಲ್ಲಿ ಪಾಂಟಿಯಾಕ್ ಕಂಪನಿ ಸಾಧಾರಣ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ಕೂಡಿಸಿ ಜಿ.ಟಿ.ಓ. ಎಂದು ಹೆಸರಿಟ್ಟು ಮಾರಿತು. ಅಲ್ಲಿಂದ 'ಮಸಲ್ ಕಾರು'ಗಳ, ಅಂದರೆ ಜಟ್ಟಿಯಂಥ ಕಾರುಗಳ ಕಾಲ ಶುರುವಾಯಿತು. ಎಂಟು ಸಿಲಿಂಡರಿನ ಎಂಜಿನುಗಳು, ಕುಡಿದಷ್ಟು ಪೆಟ್ರೋಲು. ಆ ಕಾಲ ಹತ್ತು ವರ್ಷವೂ ಬಾಳಲಿಲ್ಲ. 1970ರಲ್ಲಿ ಗಾಳಿಯನ್ನು ಕೆಡಿಸಬಾರದೆಂಬ ಕಟ್ಟುನಿಟ್ಟಿನ ಕಾನೂನು ಬಂತು. ವಿಮೆಯ ಹಣ ಏರಿತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆ ಕೊಡುವುದಿಲ್ಲ ಎಂದಾಗ ಅಮೆರಿಕದವರೂ ಪೆಟ್ರೋಲ್ ಬಂಕುಗಳ ಮುಂದೆ ಪಾಳಿ ಹಚ್ಚಿದರು, ನಾವು ಸೀಮೆ ಎಣ್ಣೆಗೆ ಹಚ್ಚುತ್ತಿದ್ದಂತೆ. 1975ರ ಕಾನೂನು ಒಂದು ಗ್ಯಾಲನ್ನಿಗೆ ಕಾರುಗಳು ಇಷ್ಟು ಮೈಲು ಓಡಲೇಬೇಕೆಂದು ಗೆರೆ ಎಳೆಯಿತು.

ದೊಡ್ಡ ಎಂಜಿನಿನ ದಾರಿ ಹೀಗೆ ಮುಚ್ಚಿತು. ಸಣ್ಣ ಎಂಜಿನಿನಿಂದ ದೊಡ್ಡ ಕೆಲಸ ತೆಗೆಯುವುದು ಹೇಗೆ? ಅದಕ್ಕೊಂದು ಹಳೆಯ ಉಪಾಯವಿತ್ತು. ಸ್ವಿಟ್ಜರ್‌ಲೆಂಡಿನ ಆಲ್‌ಫ್ರೆಡ್ ಬ್ಯುಕಿ ಎಂಬ ಎಂಜಿನಿಯರ್ 1905ರಲ್ಲೇ ಪೇಟೆಂಟು ಪಡೆದಿದ್ದ ಟರ್ಬೋ.

ಟರ್ಬೋ ಎಂದರೇನು? ಬೆಲ್ಲದ ಗಾಣ ನೋಡಿದವರಿಗೆ ಅದು ಕಠಿಣವಲ್ಲ. ಕಬ್ಬು ಹಿಂಡಿ ಉಳಿದ ಸಿಪ್ಪೆಯನ್ನು ನಾವು ಎಸೆಯುವುದಿಲ್ಲ. ಒಣಗಿಸಿ, ಅದೇ ಕಬ್ಬಿನ ರಸ ಕುದಿಯುವ ಒಲೆಗೆ ಹಾಕುತ್ತೇವೆ. ಎಂಜಿನ್ನು ಉಸಿರು ಬಿಡುವಾಗ ಕಾದ ಹೊಗೆ ಕೊಳವೆಯಿಂದ ಸುಮ್ಮನೆ ಹೊರಗೆ ಹೋಗುತ್ತದೆ. ಟರ್ಬೋದಲ್ಲಿ ಆ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಪೆಟ್ರೋಲು ಉರಿಯುತ್ತದೆ, ಬಲ ಹೆಚ್ಚುತ್ತದೆ. ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲವು.

ಅಮೆರಿಕದಲ್ಲಿ 1962ರಲ್ಲೇ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್, ಶೆವ್ರೊಲೆ ಕೊರ್ವೇರ್ ಎಂಬ ಎರಡು ಕಾರುಗಳಿಗೆ ಟರ್ಬೋ ಹಾಕಿದ್ದರು. ಜೆಟ್‌ಫೈರ್‌ಗೆ ನೀರು, ಮೆಥನಾಲ್ ಬೆರೆಸಿದ ಒಂದು ದ್ರವವನ್ನು ಆಗಾಗ ತುಂಬಬೇಕಿತ್ತು. ತುಂಬಲು ಮರೆಯುವವರೇ ಹೆಚ್ಚು. ಎರಡೇ ವರ್ಷದಲ್ಲಿ ಅದು ಮೂಲೆ ಸೇರಿತು.

ಬ್ಯೂಕ್ ಕಂಪನಿಗೆ ಡಾಕ್ಟರು, ವಕೀಲರಂಥ ಹಿರಿಯರ ಕಾರು ಮಾಡುವವರೆಂಬ ಹೆಸರಿತ್ತು. ಟರ್ಬೋ ಕೂಡಿಸಿದ ಆರು ಸಿಲಿಂಡರಿನ ಬ್ಯೂಕ್ 1976ರ ಇಂಡಿಯಾನಾಪೊಲಿಸ್ ಶರ್ಯತ್ತಿನಲ್ಲಿ ಮುಂದಾಳು ಕಾರಾಗಿ ಓಡಿತು. 1978ರಲ್ಲಿ ಅಂಥ ಕಾರುಗಳು ಮಾರಾಟಕ್ಕೆ ಬಂದವು. ನಾಸ್ಕಾರ್ ಶರ್ಯತ್ತುಗಳಲ್ಲಿ 1981, 1982 ಎರಡೂ ವರ್ಷ ಬ್ಯೂಕ್ ಗೆದ್ದಾಗ, ಆ ಶರ್ಯತ್ತಿನ ಹೆಸರನ್ನೇ ಹಿಡಿದು ಗ್ರ್ಯಾಂಡ್ ನ್ಯಾಶನಲ್ ಹುಟ್ಟಿತು. ಮೊದಲು ಬೂದು ಬಣ್ಣ, 1984ರಿಂದ ಬರೀ ಕಪ್ಪು. ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿ ಹಿಗ್ಗುತ್ತದೆ. ಅದಕ್ಕೆ 1986ರಲ್ಲಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಸೇರಿಸಿದರು. 200 ಅಶ್ವಶಕ್ತಿಯಿದ್ದದ್ದು 235 ಆಯಿತು, 1987ರಲ್ಲಿ 245. ನಮ್ಮ ಕಡೆಯ 35 ಅಶ್ವಶಕ್ತಿಯ ಟ್ರ್ಯಾಕ್ಟರುಗಳನ್ನು ಏಳು ಕೂಡಿಸಿದಷ್ಟು! ಆ ವರ್ಷ ಎಂಟು ಸಿಲಿಂಡರಿನ ಕೊರ್ವೆಟ್ ಕಾರಿಗೂ 240 ಮಾತ್ರ ಇತ್ತು. ಕೊನೆಯ ವರ್ಷವೆಂದು ಜಿ.ಎನ್.ಎಕ್ಸ್. ಎಂಬ 547 ವಿಶೇಷ ಕಾರುಗಳನ್ನೂ ಮಾಡಿದರು, ಅವಕ್ಕೆ 276 ಅಶ್ವಶಕ್ತಿ. 1987ರ ಡಿಸೆಂಬರಿನಲ್ಲಿ ಇದೇ ವುಡ್‌ವರ್ಡ್ ರಸ್ತೆ ಮುಟ್ಟುವ ಪಾಂಟಿಯಾಕ್ ಊರಿನ ಕಾರ್ಖಾನೆಯಿಂದ ಕಟ್ಟಕಡೆಯ ಗ್ರ್ಯಾಂಡ್ ನ್ಯಾಶನಲ್ ಹೊರಬಂತು.

ಇಷ್ಟು ಹೇಳುವಷ್ಟರಲ್ಲಿ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಅಣ್ಣ ಗಾಡಿ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಬೆರಳಾಡಿಸುತ್ತ ಹೇಳಿದ.

"ತಂಗೆವ್ವಾ, ಈ ಎಂಜಿನ್ ಇವರು ಒಮ್ಮೆ ಮಾರಿಬಿಟ್ಟಿದ್ರು ನೋಡು."

ಹೌದಂತೆ. 1961ರಲ್ಲಿ ಬ್ಯೂಕ್‌ನವರು ಮಾಡಿದ ಆರು ಸಿಲಿಂಡರಿನ ಎಂಜಿನ್ ಅದು. ಎಂಟು ಸಿಲಿಂಡರಿನ ಭರಾಟೆಯಲ್ಲಿ ಅದು ಯಾರಿಗೂ ಬೇಡವಾಯಿತು. ಓಡುವಾಗ ನಡುಗುತ್ತದೆ ಎಂಬ ದೂರು ಬೇರೆ. 1967ರಲ್ಲಿ ಅದನ್ನು ತಯಾರಿಸುವ ಯಂತ್ರೋಪಕರಣಗಳ ಸಮೇತ ಜೀಪು ಮಾಡುವ ಕೈಸರ್ ಕಂಪನಿಗೆ ಮಾರಿದರು. ಅದು ಜೀಪುಗಳಲ್ಲಿ ದುಡಿಯಿತು. ಎಣ್ಣೆಯ ಬರ ಬಂದಾಗ ಇವರಿಗೆ ಸಣ್ಣ ಎಂಜಿನ್ ಬೇಕಾಯಿತು. ಹೊಸದನ್ನು ಮಾಡುವಷ್ಟು ಪುರುಸೊತ್ತಿಲ್ಲ. ಅಷ್ಟರಲ್ಲಿ ಜೀಪಿನ ಕಂಪನಿ ಅಮೆರಿಕನ್ ಮೋಟರ್ಸ್‌ನವರ ಕೈ ಸೇರಿತ್ತು. 1974ರಲ್ಲಿ ಅವರ ಹತ್ತಿರ ಹೋಗಿ ಎಲ್ಲವನ್ನೂ ತಿರುಗಿ ಕೊಂಡು ತಂದರು.

"ಬ್ಯಾಡಂತ ಕೊಟ್ಟಿದ್ದು. ಏಳು ವರ್ಷಕ್ಕ ತಾವ ಹೋಗಿ ಕರಕೊಂಡ ಬಂದ್ರು" ಎಂದ ಅಣ್ಣ. ಅವನು 'ತಂದರು' ಎನ್ನಲಿಲ್ಲ, 'ಕರಕೊಂಡು ಬಂದರು' ಎಂದ. ನಾನು ಕಿಟಕಿಯ ಹೊರಗೆ ನೋಡಿದೆ.

"ಆ ಪತ್ರ ನೀನ ಓದಿ ಹೇಳಿದ್ದೆಂತ, ಅವ್ವ ಸಾಯೂ ಮುಂದ ನನಗ ಹೇಳಿದ್ಲು. ನಾ ಹಂಗ ಬರೀಬಾರದಿತ್ತು."

ಹಿಂದಿನ ಸೀಟಿನಲ್ಲಿ ವೈನಿ ಉಸಿರು ಹಿಡಿದು ಕೂತಿದ್ದು ನನಗೆ ತಿಳಿಯುತ್ತಿತ್ತು. ಹದಿನಾರು ವರ್ಷ ನಾನು ಮನಸ್ಸಿನಲ್ಲಿ ಕಟ್ಟಿಟ್ಟಿದ್ದ ಉತ್ತರಗಳು ಒಂದೂ ಬಾಯಿಗೆ ಬರಲಿಲ್ಲ. ಹಸಿರು ದೀಪ ಬಿತ್ತು.

"ಗಾಡಿ ಬಿಡೋ ಅಣ್ಣಾ, ಹಿಂದ ಮಂದಿ ನಿಂತಾರ" ಎಂದೆ.

ಮರಳುವಾಗ ಊರ ಹೊರಗೆ ರಸ್ತೆ ತೆರವಾಗಿತ್ತು. ಅಣ್ಣ ಪೆಡಲು ಒತ್ತಿದ. ಒಂದು ಕ್ಷಣ ಏನೂ ಆಗಲಿಲ್ಲ. ಟರ್ಬೋದ ಸ್ವಭಾವವೇ ಹಾಗಂತೆ, ಹೊಗೆ ಕೂಡಿ ಚಕ್ರ ತಿರುಗುವ ತನಕ ಕಾಯಬೇಕು. ಆಮೇಲೆ ಸೀಟಿ ಊದಿದಂಥ ಒಂದು ಸಣ್ಣ ದನಿ. ನನ್ನ ಬೆನ್ನು ಸೀಟಿಗೆ ಅಂಟಿತು. ನನಗರಿವಿಲ್ಲದೆ "ಮಾಯಕ್ಕನ ಹೆಸರಿಲೆ ಚಾಂಗಭಲೋ!" ಎಂದು ಕೂಗಿದೆ. ವೈನಿ ಬಿದ್ದು ಬಿದ್ದು ನಕ್ಕರು. ಅಣ್ಣ ಕಣ್ಣೊರೆಸಿಕೊಂಡ.

ಆ ಎಂಜಿನ್ನಿನ ಕತೆ 1987ಕ್ಕೆ ಮುಗಿಯಲಿಲ್ಲ. ಟರ್ಬೋ ಸಮೇತ ಅದನ್ನೇ 1989ರಲ್ಲಿ ಪಾಂಟಿಯಾಕ್‌ನ ಟ್ರಾನ್ಸ್ ಆಮ್ ಕಾರಿಗೂ ಕೂಡಿಸಿದರು. ಅದೇ ವಂಶದ ಎಂಜಿನ್ನುಗಳು 2008ರವರೆಗೆ ತಯಾರಾಗುತ್ತಿದ್ದವು. ಈಗ ನಮ್ಮ ರಾಯಬಾಗ, ಚಿಕ್ಕೋಡಿಯ ರಸ್ತೆಗಳಲ್ಲಿ ಓಡುವ ಒಂದು ಲೀಟರಿನ ಪುಟ್ಟ ಕಾರುಗಳಲ್ಲೂ ಟರ್ಬೋ ಇದೆ.

ನಾನು 2022ರಲ್ಲಿ ಶಾಲೆಯಿಂದ ನಿವೃತ್ತಳಾದೆ. ಮನೆಯ ಗೋಡೆಯ ಮೇಲೆ ಅವ್ವನ ಫೋಟೋ ಇದೆ. ಅಮೆರಿಕದಿಂದ ಬಂದ ಮೇಲೆ, ಟ್ರಂಕಿನ ತಳದಲ್ಲಿದ್ದ ಆ ಕರೀ ಕಾರಿನ ಫೋಟೋ ತೆಗೆದು ಅದರ ಪಕ್ಕದಲ್ಲೇ ತೂಗುಹಾಕಿದ್ದೇನೆ. ಪಾಟಲಿ ಇಲ್ಲದ ಅವ್ವನ ಕೈಗಳು ನನ್ನ ಕಣ್ಣಿಗೆ ಮೊದಲು ಬೀಳುತ್ತವೆ, ಕಾರು ಆಮೇಲೆ.